ಸ್ಪಂಜಿನ ಆನೆಲಾಯ

ಮನೆಗೆ ಹೊಸ ಮಿಕ್ಸರ್ ಬಂದರೆ ಎಲ್ಲರೂ ಮಿಕ್ಸರ್ ನೋಡುತ್ತಾರೆ. ನಾನು ಅದು ಬಂದ ಪೆಟ್ಟಿಗೆಯೊಳಗಿನ ಥರ್ಮಕೋಲ್ ಬೆಂಡಿನ ಗುಂಡಿಗಳನ್ನು ನೋಡುತ್ತೇನೆ. ಜಾರಿಗೊಂದು ಗುಂಡಿ, ಮುಚ್ಚಳಕ್ಕೊಂದು ಗುಂಡಿ, ವೈರು ಸುತ್ತಿಡಲಿಕ್ಕೆ ಒಂದು ಮೂಲೆ. ಮೊನ್ನೆ ಸೊಸೆ ಮಿಕ್ಸರಿಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುವಷ್ಟರಲ್ಲಿ ನಾನು ಆ ಬಿಳಿ ಬೆಂಡನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಗುಂಡಿಯಲ್ಲೂ ಬೆರಳಾಡಿಸುತ್ತ ಕೂತಿದ್ದೆ.

"ಅತ್ತಿ, ಅದನ್ನ ಹೊರಗ ಒಗಿಲೇನ್ರಿ?" ಎಂದಳು.

"ಇರಲಿ."

"ಏನ್ ಮಾಡ್ತೀರಿ ಅದನ್ನ ಇಟ್ಕಂಡು?"

"ನೋಡ್ತೀನಿ."

ಅವಳು ಸುಮ್ಮನಾದಳು. ವಯಸ್ಸಾದವರು ಏನಾದರೂ ನೋಡುತ್ತೇನೆ ಅಂದರೆ ಸುಮ್ಮನಾಗಬೇಕು ಅಂತ ಈಗಿನವರು ಅಂದುಕೊಂಡಿದ್ದಾರೆ. ಅದೂ ಒಂದು ಅನುಕೂಲವೇ. ಆ ಗುಂಡಿ ತೆಗೆದವನು ಯಾರೋ ಏನೋ, ಕೆಲಸ ಬಲ್ಲವನು. ಜಾರನ್ನು ಎತ್ತುವಾಗ ಬೆರಳು ತೂರಿಸಲಿಕ್ಕೆ ಎರಡೂ ಬದಿಗೆ ಅರ್ಧಚಂದ್ರದಷ್ಟು ಜಾಗ ಬಿಟ್ಟಿದ್ದ. ಆ ಅರ್ಧಚಂದ್ರ ಕಂಡಿದ್ದೇ ನನಗೆ ನಮ್ಮ ಮಾವ, ಅವರ ಟ್ಯಾಂಕು, ಸಂಡೂರಿನ ಹುಲಿಗೆಮ್ಮ ಎಲ್ಲರೂ ಒಟ್ಟಿಗೆ ನೆನಪಾಗಿ ನಗು ಬಂತು. ಯಾಕೆಂದರೆ ಇಂಥ ಗುಂಡಿಗಳನ್ನು ಒಂದು ಕಾಲಕ್ಕೆ ನಾನೂ ತೆಗೆದವಳು. ಮಿಕ್ಸರಿಗಲ್ಲ, ಯುದ್ಧದ ಟ್ಯಾಂಕುಗಳಿಗೆ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಮುಂದೆ ಓದಿ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮದು ಸೀಟಿನ ಅಂಗಡಿ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಪರದೆ. ಕಾಲುವೆ ನೀರು ಹರಿದು ಕಂಪ್ಲಿ ಕಡೆಯವರು ಕಬ್ಬು, ಭತ್ತ ಬೆಳೆದು ಕೈಯಲ್ಲಿ ನಾಲ್ಕು ಕಾಸು ಕಂಡ ಮೇಲೆ, ಅಲ್ಲಿಯವರೆಗೆ ಬಂಡಿಯಲ್ಲಿ ಹುಲ್ಲು ಹಾಸಿ ಕೂರುತ್ತಿದ್ದವರೆಲ್ಲ ಟ್ರ್ಯಾಕ್ಟರ್ ಹತ್ತಿದರು. ಟ್ರ್ಯಾಕ್ಟರಿನ ಜೊತೆ ಬರುವ ಸೀಟು ಬರೀ ತಗಡು. ಹುಲ್ಲಿನ ಮೇಲೆ ಕೂತು ರೂಢಿಯಾದ ಜನಕ್ಕೆ ತಗಡು ಒಗ್ಗುತ್ತದೆಯೇ. ನಮ್ಮ ಅಂಗಡಿ ನಡೆದಿದ್ದೇ ಆ ತಗಡಿನ ಪುಣ್ಯದಿಂದ. ನಮ್ಮನೆಯವರು ಸ್ಪಂಜು ಕೊಯ್ಯುತ್ತಿದ್ದರು, ನಾನು ರೆಗ್ಜಿನ್ ಹೊಲಿಯುತ್ತಿದ್ದೆ. ಮಲಪನಗುಡಿಯ ತವರಿನಲ್ಲಿ ಹಳೆ ಬಟ್ಟೆಯ ಕೌದಿ ಹೊಲಿದು ಹೊಲಿದು ನನ್ನ ಕೈ ಅದಾಗಲೇ ಪಳಗಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು ಅದಕ್ಕೇ ಒಳ್ಳೆಯದಾಯಿತು ಅಂತ ನಮ್ಮವ್ವ ಹೇಳುತ್ತಿದ್ದಳು. ಒಳ್ಳೆಯದೇನೂ ಆಗಲಿಲ್ಲ, ಕೌದಿ ಆಯಿತು, ಅಷ್ಟೇ.

ಸೀಟು ಮಾಡಿಸಲು ಬರುವವರ ತರಹೇವಾರಿ ಬೇಡಿಕೆ ಹೇಳಿದರೆ ಅದೇ ಒಂದು ಪುರಾಣ. ಕಂಪ್ಲಿಯ ಗೌಡರೊಬ್ಬರು ಹೊಸ ಟ್ರ್ಯಾಕ್ಟರ್ ತಂದು ನಿಲ್ಲಿಸಿ, "ಕೆಂಪು ರೆಗ್ಜಿನ್ ಬೇಕು, ಹೂ ಇರಬೇಕು. ನಮ್ಮ ಮನ್ಯಾಗ ಸೊಸಿಗಿಂತ ಮುಂಚೆ ಬಂದೈತಿ ಇದು. ಮದಲಗಿತ್ತಿ ಇದ್ದಂಗ ಕಾಣಬೇಕು" ಅಂದರು. ಹೂವಿರುವ ಕೆಂಪು ರೆಗ್ಜಿನ್ನನ್ನು ನಮ್ಮನೆಯವರು ಎಲ್ಲಿಂದಲೋ ಹುಡುಕಿ ತಂದರು, ನಾನು ಅಂಚಿಗೆ ಹಳದಿ ಪಟ್ಟಿ ಕೊಟ್ಟು ಹೊಲಿದೆ. ಸುಗ್ಗಿ ಮುಗಿಯುವುದರೊಳಗೆ ಗೌಡರು ತಿರುಗಿ ಬಂದರು. "ಇದನ್ನ ಕಿತ್ತು ಕರೇದು ಹಾಕ್ರಿ. ಊರಾಗ ಎಲ್ಲರೂ ನಿನ್ನ ಸವತಿ ಹೊಲದಾಗ ನಿಂತಾಳ ಅಂತ ನಮ್ಮಾಕಿಗೆ ಹೇಳಕತ್ತ್ಯಾರ. ಆಕಿ ನಂಗ ಮುದ್ದಿ ಬಡದು ಹಾಕದು ಬಿಟ್ಟಾಳ." ಮಿಕ್ಕ ಹೂವಿನ ರೆಗ್ಜಿನ್ ನಮ್ಮ ಅಟ್ಟದ ಮೇಲೆ ಉಳಿಯಿತು. ಅದು ಮುಂದೆ ಬರುತ್ತದೆ, ನೆನಪಿಟ್ಟಿರಿ.

ಸೀಟಿನ ಕೆಲಸಕ್ಕೆ ಒಂದೇ ಶಾಸ್ತ್ರ. ಹೊದಿಕೆಗಿಂತ ಒಳಗಿನ ಸ್ಪಂಜು ಒಂದು ಬೆರಳು ದೊಡ್ಡದಿರಬೇಕು. ಮೊಣಕಾಲು ಊರಿ ಒತ್ತಿ ತುಂಬಬೇಕು. ಆಗಲೇ ಸೀಟು ಹಾಲು ಕುಡಿದ ಕೂಸಿನ ಹೊಟ್ಟೆಯಂತೆ ಬಿಗಿಯಾಗಿರುತ್ತದೆ. ಸಡಿಲ ಬಿಟ್ಟರೆ ಆರು ತಿಂಗಳಿಗೆ ಮುದುಕಿಯ ಗಲ್ಲ. ಬಿಗಿ, ಬಿಗಿ, ಬಿಗಿ ಅಂತ ನಮ್ಮನೆಯವರು ಅಂದೂ ಅಂದೂ ನನಗೆ ಪಲ್ಯದ ಡಬ್ಬಿಯನ್ನೂ ಒತ್ತಿ ತುಂಬುವ ಚಾಳಿ ಬಿದ್ದಿತ್ತು.

ನಮ್ಮ ಮಾವ ಪಂಪಣ್ಣನವರು ಮಿಲ್ಟ್ರಿಯಲ್ಲಿ ಟ್ಯಾಂಕು ಓಡಿಸಿದವರು. ಪಿಂಚಣಿ ಬಂದು ಊರಿಗೆ ಮರಳಿದ ಮೇಲೆ ಓಡಿಸಲಿಕ್ಕೆ ಸೈಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಆದ್ದರಿಂದ ತಾವೇ ಟ್ಯಾಂಕು ಮಾಡಿಕೊಂಡರು. ಅಂಗೈ ಮೇಲೆ ಕೂರುವಂಥವು. ಪಕ್ಕದ ಬಡಗಿಯ ಹತ್ತಿರ ತೇಗದ ಚೂರು ತಂದು ಕೆತ್ತಿ ಮೈ ಮಾಡುವುದು, ಅದರ ಮೇಲೆ ತಿರುಗುವ ಬುರುಡೆ, ನನ್ನ ಡಬ್ಬಿಯಿಂದ ಕದ್ದ ಅಂಗಿಯ ಗುಂಡಿಗಳು ಗಾಲಿ, ಹರಿದ ಸೈಕಲ್ ಟ್ಯೂಬಿನ ಪಟ್ಟಿ ಅದರ ಮೇಲೆ. ಬುರುಡೆಯಿಂದ ಮುಂದಕ್ಕೆ ಚಾಚಿಕೊಂಡ ತೋಪಿನ ನಳಿಗೆಗೆ ಅವರ ಇಂಗ್ಲಿಷ್ ಹೆಸರು ಬೇರೆ ಏನೋ ಇತ್ತು. ನಾನು ಸೊಂಡಿಲು ಅನ್ನುತ್ತಿದ್ದೆ. ಆ ಸೊಂಡಿಲು ನನ್ನ ಕಸಬರಿಗೆಯ ತೆಂಗಿನ ಕಡ್ಡಿ.

ಜಗಳ ಇದ್ದದ್ದೇ ಆ ಕಡ್ಡಿಗೆ. ಅಂಗಳ ಗುಡಿಸಲು ಕಸಬರಿಗೆ ಹಿಡಿದರೆ ದಿನೇ ದಿನೇ ತೆಳ್ಳಗಾಗುತ್ತಿತ್ತು.

"ಮಾಮ, ಸೈಕಲ್ ಕಡ್ಡಿ ಕತ್ತರಿಸಿ ಹಾಕ್ರಿ. ಅದು ಮುರಿಯಂಗಿಲ್ಲ."

"ಹಾಕಿ ನೋಡೀನಿ ಬೇ. ಕಡ್ಡಿ ಮುರಿಯಂಗಿಲ್ಲ, ಬುರುಡಿನೇ ಸೀಳತೈತಿ."

"ಹಂಗಾರ ಕಸಬರಗಿ ನಿಮ್ದು ಬ್ಯಾರೆ ತಂದ್ಕಳ್ರಿ."

"ಹೊಸಾದ್ರ ಕಡ್ಡಿ ಹಸೀದಿರ್ತಾವ, ಬಾಗ್ತಾವ. ನೀನು ಗುಡಿಸಿ ಗುಡಿಸಿ ಹದ ಮಾಡಿದ್ದಾ ಚಲೋ."

ಹೀಗೆ ಹೊಗಳಿದರೆ ಏನು ಮಾಡುವುದು.

ಟ್ಯಾಂಕು ಮಾಡಿ ಗೂಡಿನಲ್ಲಿ ಇಟ್ಟಿದ್ದರೆ ನನಗೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಯುದ್ಧ ಮಾಡುತ್ತಿದ್ದರು. ಶತ್ರು ಸಂಡೂರಿನಲ್ಲಿದ್ದ. ದುರುಗಪ್ಪ ಅಂತ, ಮಿಲ್ಟ್ರಿಯಲ್ಲಿ ನಮ್ಮ ಮಾವನ ಕೈಕೆಳಗೆ ಇದ್ದವನು. ಅವನೂ ಊರಿಗೆ ಬಂದು ಇಂಥವೇ ಟ್ಯಾಂಕು ಮಾಡಿಕೊಂಡಿದ್ದ. ಅವನ ಮೊಣಕಾಲಿಗೆ ಬಸ್ಸು ಹತ್ತಿ ಇಳಿಯುವುದು ಆಗುತ್ತಿರಲಿಲ್ಲ. ಅಲ್ಲದೆ ರಣರಂಗ ಅವನ ಹಿತ್ತಿಲಿನಲ್ಲಿತ್ತು. ಕೆಂಪು ಮಣ್ಣಿನಲ್ಲಿ ಗುಡ್ಡ ಕಟ್ಟಿ, ಕಾಲುವೆ ತೋಡಿ, ಅದಕ್ಕೆ ಸೇತುವೆ ಹಾಕಿ, ಜಾಲಿ ಮುಳ್ಳಿನ ತುಂಡು ನೆಟ್ಟು ಕಾಡು ಮಾಡಿದ್ದ. ಅಂಥ ರಣರಂಗವನ್ನು ಹೊತ್ತು ಹೊಸಪೇಟೆಗೆ ತರಲಿಕ್ಕಾಗುತ್ತದೆಯೇ. ನಮ್ಮ ಮನೆಯಲ್ಲಿ ಸ್ಪಂಜು ಬಿಟ್ಟು ಮಣ್ಣು ಇಡಲಿಕ್ಕೆ ಜಾಗವೂ ಇರಲಿಲ್ಲ. ಹಾಗಾಗಿ ಅಮಾವಾಸ್ಯೆ ಬಂತೆಂದರೆ ಅಂಗಡಿಗೆ ರಜೆ, ಮಾವನಿಗೆ ಯುದ್ಧ. ಟ್ಯಾಂಕುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು.

ಆಟ ಹೀಗೆ. ಗಂಟು ಹಾಕಿದ ದಾರದಿಂದ ಅಳೆದು ಟ್ಯಾಂಕು ನಡೆಸಬೇಕು. ಎದುರಿನವನ ಟ್ಯಾಂಕು ಕಣ್ಣಿಗೆ ಬಿದ್ದರೆ ಕವಡೆ ಹಾಕಬೇಕು. ಕವಡೆ ಇಷ್ಟು ಬಿದ್ದರೆ ಹೊಡೆತ, ಅಷ್ಟು ಬಿದ್ದರೆ ಹುಸಿ. ಇಬ್ಬರೂ ಕೂಡಿ ಮಾಡಿದ ಕಟ್ಟಳೆಗಳು ಬೇಕಾದಷ್ಟಿದ್ದವು. ಅದರಲ್ಲಿ ಒಂದು ಮಾತ್ರ ನಮ್ಮ ಮಾವನ ಪ್ರಾಣ ತಿನ್ನುತ್ತಿತ್ತು: ಸೊಂಡಿಲು ಮುರಿದ ಟ್ಯಾಂಕು ಗುಂಡು ಹಾರಿಸುವಂತಿಲ್ಲ.

ದುರುಗಪ್ಪನ ಟ್ಯಾಂಕುಗಳು ಮನೆಯಲ್ಲೇ ಇರುವಂಥವು, ಅವುಗಳ ಸೊಂಡಿಲಿಗೆ ಏನಾಗಬೇಕು. ನಮ್ಮವು ಘಟ್ಟ ಹತ್ತಿ ಇಳಿದು ಬರಬೇಕು. ಆಗಿನ ಸಂಡೂರು ರಸ್ತೆ ನೋಡಿದವರಿಗೆ ಹೇಳಬೇಕಾಗಿಲ್ಲ. ಅದಿರು ಲಾರಿಗಳು ತುಳಿದೂ ತುಳಿದೂ ಅದು ರಸ್ತೆಯೋ ರಾಗಿ ಬೀಸಿದ ಕಲ್ಲೋ ತಿಳಿಯುತ್ತಿರಲಿಲ್ಲ. ಬಸ್ಸು ಇಳಿದು ಕೈಚೀಲ ಬಿಚ್ಚಿದರೆ ಅರ್ಧ ಟ್ಯಾಂಕುಗಳು ಬೋಳು. ಅಲ್ಲೇ ಕೂತು ಅಂಟು ಹಚ್ಚಿದರೆ ಒಣಗಲಿಕ್ಕೆ ಸಂಜೆಯಾಗುತ್ತಿತ್ತು, ಸಂಜೆ ಕೊನೆಯ ಬಸ್ಸು. ಆದ್ದರಿಂದ ಇದ್ದ ಅರ್ಧದಲ್ಲೇ ಆಡುವುದು, ಸೋಲುವುದು, ಬರುವುದು. ಬಂದ ಮರುದಿನ ಬೆಳಿಗ್ಗೆ ನನ್ನ ಕಸಬರಿಗೆಯಿಂದ ಹೊಸ ಕಡ್ಡಿ ಕೀಳುವುದು.

"ಒಂದಾ ಒಂದು ಸಲ ಪೂರ್ತಿ ಪಡಿ ಕಟ್ಕಂಡು ಆಡಬೇಕು ಬೇ," ಅನ್ನುತ್ತಿದ್ದರು. "ಗೆಲ್ಲದು ಸೋಲದು ಆಮ್ಯಾಕ. ನಾನು ಹವಾಲ್ದಾರ ಇದ್ದೆ, ಅಂವ ನನ್ನ ಕೆಳಗ ಇದ್ದ. ಈಗ ಸಂಡೂರು ಬಸ್ ಸ್ಟ್ಯಾಂಡಿನಾಗ ಚಾ ಕುಡ್ಕೋತ, ಹವಾಲ್ದಾರ್ರನ್ನ ಈ ಅಮಾಸೀಗೂ ಮಕಾಡೆ ಮಲಗಿಸಿದೆ ಅಂತ ಹೇಳ್ತಾನ."

ನನಗೆ ಇದರಲ್ಲಿ ಏನೂ ಆಸಕ್ತಿ ಇರಲಿಲ್ಲ. ಇಬ್ಬರು ಮುದುಕರು ಮಣ್ಣಲ್ಲಿ ಆಡಿದರೆ ಆಡಲಿ, ಗುಡಿಯ ಕಟ್ಟೆ ಮೇಲೆ ಕೂತು ಇನ್ನೊಬ್ಬರ ಮನೆಯ ಸೊಸೆಯಂದಿರ ಲೆಕ್ಕ ತೆಗೆಯುವುದಕ್ಕಿಂತ ವಾಸಿ. ನನ್ನನ್ನು ಈ ಯುದ್ಧಕ್ಕೆ ಎಳೆದವಳು ದುರುಗಪ್ಪನ ಹೆಂಡತಿ ಹುಲಿಗೆಮ್ಮ. ಅವರ ಮೊಮ್ಮಗಳ ತೊಟ್ಟಿಲಿಗೆ ಕರೆದಿದ್ದರು ಅಂತ ಒಂದು ಅಮಾವಾಸ್ಯೆ ನಾನೂ ಮಾವನ ಜೊತೆ ಹೋದೆ. ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಬಡಿಯತೊಡಗಿದೆ. ಹಿತ್ತಿಲಿನಲ್ಲಿ ಮಾವ ಚೀಲ ಬಿಚ್ಚಿದರು. ಅವರ ಮುಖ ನೋಡಿದ್ದೇ ಹುಲಿಗೆಮ್ಮ ನಕ್ಕಳು.

"ಏನ್ ಈರಮ್ಮ, ಕಂಪ್ಲಿ ಗೌಡರ ಕುಂಡಿ ನೋಯದಂಗ ಸೀಟು ಮಾಡ್ತೀರಂತ. ಮಾವನ ಟ್ಯಾಂಕು ಸಂಡೂರಿಗೆ ಮುಟ್ಟಸಾಕ ಬರಂಗಿಲ್ಲೇನು?"

"ಅದು ಅವರ ಆಟ ಅತ್ತಿ. ನನಗ್ಯಾಕ."

"ನಿಂಗ್ಯಾಕ ಅಂದ್ರ? ಬೊಚ್ಚು ಬಾಯಿ ಆನಿ ತಂದಂಗ ತರ್ತಾರ ಪಾಪ. ನೋಡಾಕ ನಾಚ್ಕಿ ಆಗ್ತೈತಿ. ನೋಡು, ಒಂದಕ್ಕೂ ಸೊಂಡ್ಲು ಮುರೀದಂಗ ಇಲ್ಲಿಗೆ ತಂದ ದಿನ ನಿನ್ನ ಮಣಿ ಮ್ಯಾಲೆ ಕುಂದ್ರಿಸಿ ಬೀಗಿತ್ತಿ ಉಪಚಾರ ಮಾಡ್ತೀನಿ. ಅಲ್ಲೀತನ ಬಂದಾಗೊಮ್ಮೆ ನನ್ನ ಕೂಡ ರೊಟ್ಟಿ ಬಡಿ."

ಬೀಗಿತ್ತಿ ಉಪಚಾರ ಅಂದರೆ ಸಾಮಾನ್ಯವೇ. ಮದುವೆಯಲ್ಲಿ ಗಂಡಿನ ತಾಯಿಗೆ ಮಾಡುವ ಮರ್ಯಾದೆ. ಕಾಲಿಗೆ ನೀರು, ಕೂರಲು ಮಣೆ, ಮೊದಲ ಎಡೆ, ಬೀಸಣಿಗೆ ಗಾಳಿ. ನನಗೆ ಆಗ ಮದುವೆಗೆ ಬಂದ ಮಗನಿರಲಿಲ್ಲ. ಆ ಸುಖ ಮುಂಗಡವಾಗಿ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ. "ಆತು," ಅಂದೆ. ಮಾವನ ಮುಖದ ಮೇಲೆ ಅವತ್ತು ಬಂದ ಕಳೆ ನಮ್ಮ ಲಗ್ನದಲ್ಲೂ ಬಂದಿರಲಿಲ್ಲ.

ನನಗೆ ಗೊತ್ತಿದ್ದ ಮೊದಲ ಉಪಾಯ ಭತ್ತದ ಹೊಟ್ಟು. ಚಿಕ್ಕವಳಿದ್ದಾಗ ನಮ್ಮವ್ವ ಮಲಪನಗುಡಿಯಿಂದ ಹೊಸಪೇಟೆ ಸಂತೆಗೆ ಕೋಳಿಮೊಟ್ಟೆ ತರುತ್ತಿದ್ದದ್ದು ಬುಟ್ಟಿಯ ತುಂಬ ಹೊಟ್ಟು ಹಾಕಿ, ಅದರಲ್ಲಿ ಹೂತಿಟ್ಟು. ಬುಟ್ಟಿಯ ಹೊಟ್ಟಿನಲ್ಲಿ ಕೈ ಬಿಟ್ಟು ಮೊಟ್ಟೆ ಹುಡುಕುವ ಆ ಸುಖವೇ ಬೇರೆ. ಬೆಚ್ಚಗೆ, ಮುಳುಮುಳು, ಕೊನೆಗೆ ಬೆರಳಿಗೆ ನುಣ್ಣನೆಯದೊಂದು ಸಿಗುವುದು. ಒಮ್ಮೆ ಮೊಟ್ಟೆ ಅಂತ ಇಲಿಮರಿ ಹಿಡಿದಿದ್ದೆ, ಆ ಮಾತು ಬಿಡಿ. ಒಂದೂ ಮೊಟ್ಟೆ ಒಡೆಯುತ್ತಿರಲಿಲ್ಲ. ಟ್ಯಾಂಕೇನು ಮೊಟ್ಟೆಗಿಂತ ನಾಜೂಕೇ ಅಂತ ರೈಸ್ ಮಿಲ್ಲಿನಿಂದ ಹೊಟ್ಟು ತರಿಸಿ, ಬುಟ್ಟಿಗೆ ತುಂಬಿ, ಟ್ಯಾಂಕು ಹೂತು, ಮೇಲೆ ಬಟ್ಟೆ ಕಟ್ಟಿ, ಮುಂದಿನ ಅಮಾವಾಸ್ಯೆಗೆ ನಾನೇ ಹೊತ್ತು ಹೋದೆ.

ಸೊಂಡಿಲು ಮುಕ್ಕಾಲುಪಾಲು ಉಳಿದಿದ್ದವು. ಆದರೆ ಹೊಟ್ಟು ಗುಂಡಿ ಗಾಲಿಗಳ ಸಂದಿಯಲ್ಲಿ, ಬುರುಡೆಯ ತಿರುಗಣಿಯಲ್ಲಿ ಎಲ್ಲ ಸೇರಿಕೊಂಡು ಒಂದು ಟ್ಯಾಂಕೂ ನಡೆಯಲಿಲ್ಲ, ಒಂದು ಬುರುಡೆಯೂ ತಿರುಗಲಿಲ್ಲ. ಮಾವ ಊದಿ ಊದಿ ಉಸಿರು ಕಳೆದುಕೊಂಡರು. ಆ ಹೊಟ್ಟು ರಣರಂಗದ ತುಂಬ ಬಿತ್ತು. ಅದರಲ್ಲಿ ನುಚ್ಚಿತ್ತೇನೋ, ಹುಲಿಗೆಮ್ಮನ ಕೋಳಿಗಳು ನುಗ್ಗಿಬಂದು ಗುಡ್ಡ ಕೆದರಿ, ಸೇತುವೆ ಮುರಿದು, ಎರಡೂ ಕಡೆಯ ಪಡೆಯನ್ನು ಮಲಗಿಸಿ ಹೋದವು.

"ಇದನ್ನ ಯಾರ ಗೆಲುವು ಅಂತ ಬರ್ಕಳಣ್ರಿ ಹವಾಲ್ದಾರ್ರೇ?" ಅಂದ ದುರುಗಪ್ಪ.

"ಕೋಳೀದು," ಅಂದರು ಮಾವ.

ನಾನು ರೊಟ್ಟಿ ಬಡಿದೆ.

ಅದಾದ ಮೇಲೆ ತಲೆಗೆ ಹೊಳೆದದ್ದು ನಮ್ಮ ಅಂಗಡಿಯಲ್ಲೇ ಕಾಲಿಗೆ ತೊಡರುತ್ತಿದ್ದ ಸ್ಪಂಜಿನ ತುಂಡು. ಕಣ್ಣೆದುರಿಗೆ ಇರುವುದು ಕಾಣಲು ಯಾವಾಗಲೂ ಹೊತ್ತು ಬೇಕು. ಒಂದು ಹಳೆಯ ತಗಡಿನ ಟ್ರಂಕು ತೆಗೆದೆ. ಅದಕ್ಕೆ ಸರಿಯಾಗಿ ದಪ್ಪ ಸ್ಪಂಜಿನ ಹಲಗೆಯನ್ನು ಈಳಿಗೆಯಲ್ಲಿ ಕೊಯ್ದೆ. ಅಂಚು ಕೊಯ್ಯಲು ಈಳಿಗೆಯಷ್ಟು ಒಳ್ಳೆಯದು ಬೇರಿಲ್ಲ. ಚಾಕು ಎಳೆದರೆ ಸ್ಪಂಜು ಜೊತೆಗೇ ಬರುತ್ತದೆ, ಈಳಿಗೆಗೆ ನಾವು ಸ್ಪಂಜನ್ನೇ ತಳ್ಳುತ್ತೇವೆ. ಆದರೆ ನಡುವೆ ಗುಂಡಿ ತೆಗೆಯಲು ಈಳಿಗೆ ಬಾರದು. ಅದಕ್ಕೆ ಎಣ್ಣೆ ಡಬ್ಬಿಯ ತಗಡಿನಿಂದ ಪಟ್ಟಿ ಕತ್ತರಿಸಿ, ಟ್ಯಾಂಕಿನ ಸುತ್ತ ಬಾಗಿಸಿ ಅಚ್ಚು ಮಾಡಿದೆ. ಅಂಚನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿ, ಕರಜೀಕಾಯಿಗೆ ಹಿಟ್ಟು ಒತ್ತಿದ ಹಾಗೆ ಒತ್ತಿದರೆ ಗುಂಡಿ ಬಿತ್ತು. ಕೆಳಗೆ ತೆಳು ಸ್ಪಂಜಿನ ಹಾಸಿಗೆ, ಸಲೂಷನ್ ಹಚ್ಚಿ ಅಂಟಿಸಿದೆ. ಒಂದೊಂದು ಟ್ಯಾಂಕಿಗೆ ಒಂದೊಂದು ಕೋಣೆ, ಸಾಲಾಗಿ.

ನಮ್ಮನೆಯವರು ಬಗ್ಗಿ ನೋಡಿ, "ಹಂಪಿ ಆನೆಲಾಯ ಕಟ್ಟಾಕತ್ತೀಯೇನಲೇ," ಅಂದರು.

ಅದು ಸರಿಯಾಗೇ ಇತ್ತು. ಸಣ್ಣವಳಿದ್ದಾಗ ನಮ್ಮಜ್ಜಿ ನನ್ನನ್ನು ಹಂಪಿಗೆ ಕರೆದುಕೊಂಡು ಹೋಗಿ ಆ ಗುಮ್ಮಟದ ಸಾಲು ತೋರಿಸಿ, ಇಲ್ಲಿ ರಾಜರ ಆನೆ ಕಟ್ಟುತ್ತಿದ್ದರು ಅಂದಿದ್ದಳು. ಆನೆ ಎಲ್ಲಿ ಅಂತ ನಾನು ಒಂದೊಂದೇ ಕೋಣೆಗೆ ಇಣುಕುತ್ತ ಹೋದೆ. ಬಾವಲಿ ಇದ್ದವು, ಒಂದು ಆಡು ಮಲಗಿತ್ತು. ಆನೆ ಇಲ್ಲ ಅಂತ ಕೊನೆಯ ಕೋಣೆಯ ಮುಂದೆ ಕೂತು ಅತ್ತಿದ್ದಕ್ಕೆ ಅಜ್ಜಿ ನನ್ನ ಬೆನ್ನಿಗೆ ಒಂದು ಕೊಟ್ಟು, "ಇದ್ದಿದ್ರ ಒಳಗ ಇಣಿಕಿ ನೋಡ್ತಿದ್ದೇನು ನೀನು? ಓಡಿ ಬರ್ತಿದ್ದೆ," ಅಂದಳು. ಆ ದಿನದ ಖಾಲಿ ಲಾಯಕ್ಕೆ ನಾನೀಗ ಆನೆ ತುಂಬಿದ ಹಾಗಾಯಿತು. ಪೆಟ್ಟಿಗೆಯ ಹೆಸರು ಅವತ್ತಿನಿಂದ ಆನೆಲಾಯ.

ಆದರೆ ನಾನು ಸೀಟಿನ ಅಂಗಡಿಯವಳು. ಕೈಗೆ ಬಿಗಿಯ ಚಾಳಿ. ಅಚ್ಚನ್ನು ಟ್ಯಾಂಕಿಗಿಂತ ಒಂದು ನೂಲು ಚಿಕ್ಕದಾಗಿಯೇ ಬಾಗಿಸಿದ್ದೆ, ಸೊಂಡಿಲಿನ ಜಾಗವನ್ನಂತೂ ಕಡ್ಡಿಯಷ್ಟೇ ಸೀಳಿದ್ದೆ. ಟ್ಯಾಂಕು ಕೂರಿಸಿದರೆ ಟ್ರಂಕು ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಬೋರಲು ಹಾಕಿ ತೋರಿಸಿ ಓಣಿಯ ಹೆಂಗಸರಿಂದ ಭೇಷ್ ಅನ್ನಿಸಿಕೊಂಡೆ.

ಸಂಡೂರಿನಲ್ಲಿ ಮುಚ್ಚಳ ತೆಗೆದಾಗ ಎಲ್ಲವೂ ಇದ್ದ ಹಾಗೇ ಇದ್ದವು. ಒಂದು ಸೊಂಡಿಲೂ ಮುರಿದಿರಲಿಲ್ಲ. ದುರುಗಪ್ಪ ಬಗ್ಗಿ ನೋಡಿ ಮೀಸೆ ಸವರಿಕೊಂಡ. ಹುಲಿಗೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಮಣಿ ತರ್ಲೇನ್ ಹಂಗಾರ?" ಅಂದಳು.

"ತರ್ರಿ ಅತ್ತಿ," ಅಂದೆ.

ಮಾವ ಮೊದಲನೇ ಟ್ಯಾಂಕಿಗೆ ಕೈ ಹಾಕಿದರು. ಹಿಡಿಯಲಿಕ್ಕೆ ಎಲ್ಲಿ ಜಾಗ ಇದೆ, ಬುರುಡೆ ಹಿಡಿದು ಎಳೆದರು. ಮೈ ಬಂತು. ಸೊಂಡಿಲು ಸ್ಪಂಜಿನ ಬಾಯಲ್ಲೇ ಉಳಿಯಿತು. ಟಕ್ ಅಂತ ಇಷ್ಟೇ ಸದ್ದು. ಎರಡನೆಯದು ಹುಷಾರಾಗಿ ಎಳೆದರು. ಟಕ್. ಮೂರನೆಯದಕ್ಕೆ ಕೈ ಹಾಕದೆ ನನ್ನ ಕಡೆ ನೋಡಿದರು. ಹುಲಿಗೆಮ್ಮ ಮಣೆ ಗೋಡೆಗೆ ಒರಗಿಸಿಟ್ಟು, "ಹಿಟ್ಟು ನಾದೀನಿ, ಬಾ," ಅಂದಳು.

ಆ ದಿನ ವಾಪಸು ಬರುವಾಗ ಮಾವ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದರು. "ಬಿಡು ಬೇ," ಅಂದರು ಘಟ್ಟ ಇಳಿದ ಮೇಲೆ. "ಚೀಲದಾಗಾ ತರ್ತೀನಿ. ನೀನು ಎಷ್ಟು ಅಂತ ಮಾಡ್ತಿ." ಅಷ್ಟು ಹೇಳಿದ್ದಕ್ಕೇ ನನಗೆ ಸಿಟ್ಟು ಬಂತು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಇನ್ನು ಮುಂದಿನದನ್ನು ಹೇಳಲು ಸ್ವಲ್ಪ ಮುಜುಗರ ಪಡುವವರಿದ್ದಾರೆ, ನನಗಿಲ್ಲ. ಒಂದು ದಿನ ಅಂಗಡಿಗೆ ಅದಿರು ಲಾರಿಯ ಡ್ರೈವರ್ ಒಬ್ಬ ತನ್ನ ಸೀಟು ಕಿತ್ತುಕೊಂಡು ಬಂದ. ಗಟ್ಟಿಮುಟ್ಟಾದ ಆಳು, ಮೈಯೆಲ್ಲ ಕೆಂಪು ಧೂಳು. ನಿಂತೇ ಇದ್ದ.

"ಕುಂದ್ರಪಾ," ಅಂದರು ನಮ್ಮನೆಯವರು.

"ಬ್ಯಾಡ್ರಿ. ನಿಂತಿರ್ತೀನಿ."

"ಯಾಕಪಾ, ಬೆಂಚು ಗಟ್ಟಿ ಐತಿ."

"ಅದಕ್ಕಾ ರೀ ಬ್ಯಾಡ ಅಂದಿದ್ದು."

ಆಮೇಲೆ ನಮ್ಮನೆಯವರ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದ. ಇವರಿಗೆ ಒಂದು ಕಿವಿ ಮಂದ. "ಎಲ್ಲಿ ಅಂದಿ?" ಅಂದರು ಜೋರಾಗಿ.

"ಎಲ್ಲಿ ಅಂದ್ರ ಏನ್ ಹೇಳ್ಲಿ ಅಣ್ಣ. ಎಲ್ಲಿ ಕುಂದ್ರತೀವೋ ಅಲ್ಲೇ."

ನಾನು ಮಿಷನ್ನು ತುಳಿಯುತ್ತಲೇ, "ಮೂಲವ್ಯಾಧಿ ಅನ್ನಪಾ," ಅಂದೆ. "ಸಂಡೂರ ಲೈನಿನಾಗ ಓಡ್ಸೋರ ಪೈಕಿ ಯಾರಿಗಿಲ್ಲ ಅದು. ನಾಚ್ಕೆಂಡ್ರ ವಾಸಿ ಆಗ್ತೈತೇನು?"

ಅವನು ಕಿವಿಯವರೆಗೂ ಕೆಂಪಾದ, ಧೂಳಿನ ಮೇಲೆಯೂ ಕಂಡಿತು. ಆದರೆ ಬಾಯಿ ಬಿಚ್ಚಿತು. "ಎಲ್ಲಾ ಕಡೆ ತೋರಿಸ್ದೆ ಅಕ್ಕ. ಮೆತ್ತಗ ಬೇಕು ಅಂತ ಸ್ಪಂಜು ಹಾಕಿಸ್ದೆ. ಇನ್ನೊಂದು ಪದರು ಹಾಕಿಸ್ದೆ. ಎಷ್ಟು ಮೆತ್ತಗ ಹಾಕಿಸಿದ್ರೂ ಅದು ಸರ್ಯಾಗಿ ಅಲ್ಲೇ ಒತ್ತತೈತಿ."

ನಮ್ಮನೆಯವರು ನಕ್ಕರು. "ನೋವಿರೋ ಕಡೆ ಮೆತ್ತಂದು ಗಟ್ಟೀದು ಯಾವ್ದೂ ಬ್ಯಾಡಪಾ. ಸುತ್ತಾ ಹಿಡ್ಕಂಡ್ರ ಸಾಕು. ನಡುವ ಗಾಳಿ ಇರ್ಲಿ." ಹಾಗೆಂದು ಸೀಟಿನ ಸ್ಪಂಜಿಗೆ ನಡುವೆ ತಂಬಿಗೆಯ ಬಾಯಿಯಷ್ಟು ಅಗಲ ಕೊರೆದು ತೆಗೆದರು. ಅವನು ಹಲ್ಲು ಕಚ್ಚಿಕೊಂಡು ಅದರ ಮೇಲೆ ಮೆಲ್ಲಗೆ ಕೂತ. ಹಲ್ಲು ಬಿಟ್ಟ. ಪೂರ್ತಿ ಭಾರ ಬಿಟ್ಟ. ಬಹಳ ದಿನಗಳ ಮೇಲೆ ತವರಿಗೆ ಬಂದವಳ ಹಾಗೆ ಅವನ ಮುಖ ಅರಳಿತು.

ನನ್ನ ಕಾಲು ಮಿಷನ್ನಿನ ಮೇಲೆ ನಿಂತಿತು. ಬುರುಡೆ, ಸೊಂಡಿಲು, ಸ್ಪಂಜು ಎಲ್ಲ ಕಣ್ಣ ಮುಂದೆ ಬಂದವು. ನಾನು ನೋವಿರುವ ಕಡೆಯೇ ಹಿಡಿದಿದ್ದೆ.

"ಮಾಮ," ಅಂತ ಒಳಗೆ ಕೂಗಿದೆ. "ನಿಮ್ಮ ಟ್ಯಾಂಕು ತರ್ರಿ."

"ಯಾಕ ಬೇ?"

"ಅದಕ್ಕೂ ಮೂಲವ್ಯಾಧಿ."

ಡ್ರೈವರ್ ನಮ್ಮಿಬ್ಬರನ್ನೂ ನೋಡಿ, ಕೂತ ಸೀಟನ್ನೂ ನೋಡಿ, ಏನೂ ಕೇಳದೆ ಅದನ್ನು ಎತ್ತಿಕೊಂಡು ಹೋದ.

ಆ ಸಲದ ಕೆಲಸವನ್ನು ನಾನು ಸಂತೋಷದಿಂದ ಮಾಡಿದೆ. ಅದಕ್ಕಿಂತ ಮೊದಲಿನದನ್ನು ಹಟದಿಂದ ಮಾಡಿದ್ದೆ. ಹಟದ ಕೆಲಸ ಬಿಗಿಯಾಗುತ್ತದೆ. ಹೊಸ ತಗಡು ಬಾಗಿಸಿದೆ. ಟ್ಯಾಂಕಿನ ಮೈಯನ್ನು ಮಾತ್ರ ನಾಲ್ಕೂ ಕಡೆ ಹಿತವಾಗಿ ಹಿಡಿಯಬೇಕು, ಬಸಿರಿಯ ಸೊಂಟ ಹಿಡಿದ ಹಾಗೆ. ಸೊಂಡಿಲಿನ ಮುಂದೆ, ಮೇಲೆ, ಕೆಳಗೆ, ಅಕ್ಕಪಕ್ಕ ಏನೂ ಇರಬಾರದು, ಬರೀ ಗಾಳಿ. ಮತ್ತೆ ಮೈಯ ಎರಡೂ ಬದಿಗೆ, ಹಳೆಯ ಬಟ್ಟಲಿನ ಅಂಚು ಉಜ್ಜಿ ಒತ್ತಿ, ಅರ್ಧಚಂದ್ರದ ಹಾಗೆ ಬೆರಳಿಗೆ ಜಾಗ ತೆಗೆದೆ. ಇಡ್ಲಿ ತಟ್ಟೆಯಿಂದ ಇಡ್ಲಿ ಎಬ್ಬಿಸಲು ಎಲ್ಲಿ ಚಮಚ ಹಾಕುತ್ತೇವೆಯೋ ಅಲ್ಲಿ. ಮುಚ್ಚಳಕ್ಕೂ ಒಂದು ಸ್ಪಂಜಿನ ಹಾಸು, ಅದರಲ್ಲಿಯೂ ಸೊಂಡಿಲಿನ ನೇರಕ್ಕೆ ಹಳ್ಳ. ಮೇಲಿನ ಹೊದಿಕೆಗೆ ಅಟ್ಟದಿಂದ ಕಂಪ್ಲಿ ಗೌಡರ ಹೂವಿನ ಕೆಂಪು ರೆಗ್ಜಿನ್ ಇಳಿಸಿದೆ. ಹಳದಿ ಪಟ್ಟಿಯೂ ಕೊಟ್ಟೆ.

ಮಾವ ಅದನ್ನು ನೋಡಿ, "ಯುದ್ಧಕ್ಕ ಹೋಗೋ ಪೆಟ್ಟಿಗಿ ಬೇ ಇದು," ಅಂದರು.

"ಮದಲಗಿತ್ತಿ ಇದ್ದಂಗ ಐತಿ. ಯಾರೂ ಕಾಲಾಗ ತುಳಿಯಂಗಿಲ್ಲ."

ಅಮಾವಾಸ್ಯೆ ಬಂತು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಬಂದು, "ಏನಮ್ಮ ಇದು, ಹಾರ್ಮೋನಿಯಂ ಏನ್ರಿ?" ಅಂದ.

"ಟ್ಯಾಂಕು."

"ನೀರಿಂದಾ?"

"ಯುದ್ಧದ್ದು."

ಅವನು ಮಾವನ ಕಡೆ ನೋಡಿದ. ಮಾವ ಮಿಲ್ಟ್ರಿ ಕೋಟು ಹಾಕಿಕೊಂಡಿದ್ದರು. ಚೀಟಿ ಹರಿದು ಕೊಟ್ಟು ಮುಂದೆ ಹೋದ. ಘಟ್ಟದಲ್ಲಿ ಒಂದು ಗುಂಡಿಗೆ ಬಸ್ಸು ಬಿದ್ದಾಗ ಹಿಂದಿನ ಸೀಟಿನವರು ಮೇಲಿನ ತಗಡಿಗೆ ತಲೆ ಬಡಿದುಕೊಂಡರು. ನಾನು ಪೆಟ್ಟಿಗೆಯನ್ನು ತಬ್ಬಿಕೊಂಡೆ. ಮಾವ ನನ್ನ ಮುಖ ನೋಡಲಿಲ್ಲ, ನಾನು ಅವರದು ನೋಡಲಿಲ್ಲ. ತೆರೆದು ನೋಡೋಣವೇ ಅಂತ ಇಬ್ಬರಿಗೂ ಅನ್ನಿಸಿತ್ತು, ತೆರೆಯಲಿಲ್ಲ.

ದುರುಗಪ್ಪನ ಹಿತ್ತಿಲಿನಲ್ಲಿ ಪೆಟ್ಟಿಗೆ ಇಟ್ಟೆ. ಮುಚ್ಚಳ ತೆಗೆದೆ. ಎಲ್ಲ ಸೊಂಡಿಲೂ ನೆಟ್ಟಗಿದ್ದವು. ಹೋದ ಸಲವೂ ಇಲ್ಲಿಯವರೆಗೆ ಸರಿಯಾಗೇ ಇತ್ತಲ್ಲ. ಮಾವ ಬುರುಡೆಗೆ ಕೈ ಹಾಕಹೋದರು.

"ಬುರುಡಿ ಬ್ಯಾಡ್ರಿ ಮಾಮ. ಆ ಕಡಿ ಈ ಕಡಿ ಬೆರಳು ತೂರ್ಸಿ ಎತ್ರಿ."

ಎತ್ತಿದರು. ಟಕ್ ಅನ್ನಲಿಲ್ಲ. ಇನ್ನೊಂದು ಎತ್ತಿದರು, ಮತ್ತೊಂದು. ಕೆಂಪು ಮಣ್ಣಿನ ಮೇಲೆ ಒಂದೊಂದಾಗಿ ಸಾಲು ನಿಲ್ಲಿಸುತ್ತ ಹೋದರು. ಕೊನೆಯದನ್ನು ಇಟ್ಟು ಹಿಂದೆ ಸರಿದು ನಿಂತು ನೋಡಿದರು. ಅಷ್ಟು ವರ್ಷಗಳಲ್ಲಿ ಅವರ ಪಡೆ ಪೂರ್ತಿಯಾಗಿ ಆ ಮಣ್ಣಿನ ಮೇಲೆ ನಿಂತದ್ದು ಅದೇ ಮೊದಲು. ಕೈ ಕೋಟಿನ ಗುಂಡಿ ಹಾಕಲು ಹೋಯಿತು. ದುರುಗಪ್ಪ ಕುಂಟುತ್ತ ಎದ್ದು ನಿಂತು, ನೆಟ್ಟಗಾಗಿ, ಒಂದು ಸಲ್ಯೂಟು ಹೊಡೆದ. ತಮಾಷೆಗೆ ಅಂತ ಶುರು ಮಾಡಿದ್ದ, ನಡುವೆ ತಮಾಷೆ ಮರೆತುಹೋಯಿತು ಅಂತ ಕಾಣುತ್ತದೆ.

ಹುಲಿಗೆಮ್ಮ ಒಂದೊಂದು ಸೊಂಡಿಲನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಅಂಟು ಹಸಿ ಇದೆಯೇ ಅಂತ ಮೂಸಿಯೂ ನೋಡಿದಳು. ಆಮೇಲೆ ಒಳಗೆ ಹೋಗಿ ಮಣೆ ತಂದು ಹಾಕಿ, ಚೊಂಬಿನ ನೀರು ನನ್ನ ಕಾಲಿಗೆ ಹುಯ್ದಳು.

"ಕುಂದ್ರಿ ಬೀಗಿತ್ತೇರ. ಏನಾರ ಕಡಿಮಿ ಆದ್ರ ಊರ ತುಂಬ ಹೇಳ್ಬ್ಯಾಡ್ರಿ."

ಎಲೆ ಹಾಕಿ ಹೋಳಿಗೆ ಬಡಿಸಿದಳು, ತುಪ್ಪ ಹುಯ್ದಳು. ನಾನು ಗಟ್ಟಿಗಿತ್ತಿ ಬೀಗಿತ್ತಿ. ತುಪ್ಪ ಸಾಲದು ಅಂದೆ, ಗಾಳಿ ಬೀಸುವ ಕೈ ನಿಧಾನವಾಯಿತು ಅಂದೆ. ಮೂರನೇ ಹೋಳಿಗೆಗೆ ತಲೆಗೆ ಒಂದು ಪ್ರಶ್ನೆ ಬಂತು.

"ಅತ್ತಿ, ಹೂರಣ ಯಾವಾಗ ಮಾಡಿದ್ರಿ?"

"ಮುಂಜಾನಿ ರುಬ್ಬೀನಿ."

"ನಾವು ಮುರೀದಂಗ ತರ್ತೀವಿ ಅಂತ ನಿಮಗ ಹೆಂಗ ಗೊತ್ತು?"

"ಗೊತ್ತಿರಲಿಲ್ಲ ಬೇ. ಮಾತು ಕೊಟ್ಟೀನಲ್ಲ, ಅವತ್ತಿಂದ ಪ್ರತಿ ಅಮಾಸಿಗೂ ಹೂರಣ ಮಾಡಿ ಇಡ್ತಿದ್ದೆ. ನೀವು ಮುರ್ಕಂಡು ಬರ್ತಿದ್ರಿ. ನಿಮ್ಮ ಬಸ್ಸು ಹೋದ ಮ್ಯಾಲೆ ನಾವಿಬ್ಬರೂ ತಿಂತಿದ್ವಿ."

ನಾನು ರೊಟ್ಟಿ ಬಡಿದು ತಿಂದು ಹೋದ ದಿನಗಳಲ್ಲೆಲ್ಲ ಒಳಗೆ ಹೂರಣ ಇತ್ತು. ಹೇಳಿಬಿಡಬಾರದಿತ್ತೇ ಅಂದೆ. "ಸೋತೋರಿಗೆ ಹೋಳಿಗಿ ಯಾಕ," ಅಂದಳು. ನ್ಯಾಯವಾದ ಮಾತೇ. ಇನ್ನೊಂದು ಹಾಕಿಸಿಕೊಂಡೆ.

ಹೊರಗೆ ಯುದ್ಧ ಊಟದ ಹೊತ್ತು ಮೀರಿ ನಡೆಯಿತು. ಕವಡೆ ಬಿದ್ದ ಸದ್ದು, ದಾರ ಎಳೆದ ಸದ್ದು, ನಡುವೆ ಬೈಗುಳ. ನಮ್ಮ ಮಾವನ ಟ್ಯಾಂಕುಗಳು ಸೇತುವೆಯನ್ನು ಹಿಡಿದವು. ದುರುಗಪ್ಪ ಗುಡ್ಡದ ಹಿಂದೆ ತನ್ನವನ್ನು ಅಡಗಿಸಿಟ್ಟಿದ್ದ. ಮಾವ ಸೇತುವೆ ದಾಟಿದ ಗಳಿಗೆಯಲ್ಲಿ ಎರಡೂ ಕಡೆಯಿಂದ ಬಂದು ಹೊಡೆದ. ನಮ್ಮ ಎಲ್ಲ ಸೊಂಡಿಲುಗಳೂ ಗುಂಡು ಹಾರಿಸಿದವು, ಕವಡೆಯೂ ಮೋಸ ಮಾಡಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಮಾವ ಸೋತರು. ಪೂರ್ತಿ ಪಡೆ ಕಟ್ಟಿಕೊಂಡು, ಚೆಂದವಾಗಿ ಸೋತರು.

ವಾಪಸು ಬರುವಾಗ ಪೆಟ್ಟಿಗೆಯನ್ನು ನನಗೆ ಕೊಡಲಿಲ್ಲ, ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ಮನೆಗೆ ಬಂದಾಗ ನಮ್ಮನೆಯವರು ಬಾಗಿಲಲ್ಲೇ ನಿಂತಿದ್ದರು.

"ಏನಾತಪ್ಪಾ?"

"ಸೋತೆ," ಅಂದರು ಮಾವ. ಮನೆಗೆ ಮದಲಗಿತ್ತಿ ಕರೆತಂದವರ ಮುಖ. "ಈ ಸಲ ರಸ್ತಾ ಸೋಲಿಸ್ಲಿಲ್ಲಲೇ. ದುರುಗ್ಯಾನೇ ಸೋಲಿಸ್ದ."

ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು, ಊಟ ಮಾಡಿ, ಮಲಗಿದರು. ಮರುದಿನ ಬೆಳಿಗ್ಗೆ ಎದ್ದು ನಾನು ಅಂಗಳಕ್ಕೆ ಬಂದೆ. ಕಸಬರಿಗೆ ಮೂಲೆಯಲ್ಲಿ ಇಟ್ಟ ಹಾಗೇ ಇತ್ತು. ಹಿಡಿದು ನೋಡಿದೆ, ಒಂದು ಕಡ್ಡಿಯೂ ಕಮ್ಮಿಯಾಗಿರಲಿಲ್ಲ. ಅವತ್ತು ಅದು ಅಂಗಳವನ್ನು ಚೆನ್ನಾಗಿ ಗುಡಿಸಿತು.